ರಬ್ಬರ್ ತೋಟದಿಂದ ಆಪರೇಷನ್ ಥಿಯೇಟರಿನವರೆಗೆ

ಸುಳ್ಯ ತಾಲ್ಲೂಕಿನ ರಬ್ಬರ್ ತೋಟಕ್ಕೆ ಬೆಳಕು ಹರಿಯುವ ಮುಂಚೆ ಹೋದರೆ ಮೊದಲು ಕಾಣುವುದು ಟ್ಯಾಪಿಂಗ್ ಮಾಡುವವರ ಹಣೆಯ ಮೇಲಿನ ಟಾರ್ಚು. ದೀಪ ಒಂದು ಮರದ ಬಳಿ ತುಸು ನಿಲ್ಲುತ್ತದೆ, ಮುಂದಿನ ಮರಕ್ಕೆ ಹೋಗುತ್ತದೆ. ಆ ತುಸು ಹೊತ್ತಿನಲ್ಲೇ ಎಲ್ಲವೂ ಆಗಬೇಕು. ಹಳೆಯ ಗೀರಿನ ಮೇಲೆ ಹೆಪ್ಪುಗಟ್ಟಿದ ರಬ್ಬರ್ ಎಳೆಯನ್ನು ಉಗುರಿನಿಂದ ಕಿತ್ತು ಸೊಂಟದ ಚೀಲಕ್ಕೆ ಹಾಕಬೇಕು. ಬಾಗಿದ ಕತ್ತಿಯಿಂದ ಎಡದಿಂದ ಬಲಕ್ಕೆ ಇಳಿಜಾರಾಗಿ ತೊಗಟೆಯನ್ನು ಕಾಗದದಷ್ಟು ತೆಳ್ಳಗೆ ಕೆತ್ತಬೇಕು. ಹಾಲು ಇಳಿಯುವ ಗೆರಟೆ ಓರೆಯಾಗಿದ್ದರೆ ನೆಟ್ಟಗೆ ಮಾಡಬೇಕು. ಹೊತ್ತೇರಿ ಬಿಸಿಲಾದರೆ ಹಾಲು ಇಳಿಯುವುದು ಕಡಿಮೆಯಾಗುವುದರಿಂದ ಇಡೀ ತೋಟದ ಕೆಲಸ ಈ ಕತ್ತಲಲ್ಲೇ ನಡೆಯುತ್ತದೆ.

ಇಲ್ಲಿ ಈ ಕೆಲಸ ಮಾಡುವ ಬಹಳಷ್ಟು ಮಂದಿಯ ಹಿರಿಯರು ಶ್ರೀಲಂಕಾದಿಂದ ಬಂದವರು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಭಾರತಕ್ಕೆ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲೆಂದು ದಕ್ಷಿಣ ಕನ್ನಡದಲ್ಲಿ ಸರ್ಕಾರಿ ರಬ್ಬರ್ ತೋಟಗಳು ಎದ್ದವು. ಈಗ ಅವು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ಮಕ್ಕಳು, ಮೊಮ್ಮಕ್ಕಳು ಮನೆಯಲ್ಲಿ ತಮಿಳು, ಪೇಟೆಯಲ್ಲಿ ಕನ್ನಡ, ತುಳು ಎರಡನ್ನೂ ಆಡುತ್ತಾರೆ.

"ಕೈಗೆ ಎಂತ ಆಗುದಿಲ್ವಾ?" ಎಂದು ಟ್ಯಾಪಿಂಗ್ ಮುಗಿಸಿ ಬಂದ ಒಬ್ಬರನ್ನು ಕೇಳಿದೆ.

"ಎಂತ ಆಗ್ತದೆ ಸರ್? ಚಿಕ್ಕಂದಿನಿಂದ ಮುಟ್ಟಿದ ಹಾಲು ಇದು. ಹಾಲಿಗೆ ಹಾಕುವ ಅಮೋನಿಯ ಕಣ್ಣಿಗೆ ಹೊಡೆದ್ರೆ ಮಾತ್ರ ನೀರು ಬರ್ತದೆ."

ಅವರ ಮಾತನ್ನು ನಂಬಲು ಅಡ್ಡಿಯಿಲ್ಲ. ಮರದ ಹಾಲು ಕೈಗೆ ತಾಗಿದ ಕೂಡಲೇ ಎಲ್ಲರಿಗೂ ಅಲರ್ಜಿ ಬರುವುದಿಲ್ಲ, ಬರುವವರಿಗೂ ಮೊದಲ ದಿನವೇ ಬರುವುದಿಲ್ಲ. ಗೆರಟೆಯಲ್ಲಿರುವ ಹಾಲಿನಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ರಬ್ಬರ್, ಉಳಿದದ್ದು ಹೆಚ್ಚಾಗಿ ನೀರು, ಜೊತೆಗೆ ಶೇಕಡಾ ಒಂದೆರಡರಷ್ಟು ಪ್ರೋಟೀನು. ತಕರಾರಿರುವುದು ಈ ಪ್ರೋಟೀನಿನದು. ಅಲರ್ಜಿ ಎಬ್ಬಿಸುವಂಥವು ಇದರಲ್ಲಿ ಸುಮಾರು ಹದಿನೈದು ಬಗೆ ಗುರುತಾಗಿವೆ. ಹೆವೀನ್ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ತೊಗಟೆ ಗಾಯವಾದಾಗ ಹಾಲನ್ನು ಬೇಗ ಹೆಪ್ಪುಗಟ್ಟಿಸಿ ಗಾಯ ಮುಚ್ಚುವುದು, ಒಳಗೆ ನುಸುಳುವ ಶಿಲೀಂಧ್ರವನ್ನು ತಡೆಯುವುದು ಅದರ ಕೆಲಸ. ಮರಕ್ಕೆ ಅದು ಕಾವಲುಗಾರ. ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣುಗಳಲ್ಲೂ ಇದೇ ಬಗೆಯ ಕಾವಲು ಪ್ರೋಟೀನುಗಳಿವೆ. ರಬ್ಬರ್ ಆಗದ ಕೆಲವರಿಗೆ ಬಾಳೆಹಣ್ಣು ತಿಂದರೆ ಬಾಯಿ, ಗಂಟಲು ತುರಿಸುವುದು ಅದಕ್ಕೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಆಸ್ಪತ್ರೆಯಲ್ಲಿ ಬೇಕಾಗುತ್ತದೆ.

ಹಾಲು ಇಲ್ಲಿಂದ ಎರಡು ದಾರಿ ಹಿಡಿಯುತ್ತದೆ. ಫಾರ್ಮಿಕ್ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ, ಹೊಗೆಮನೆಯಲ್ಲಿ ಒಣಗಿಸಿದರೆ ಜೇನುಬಣ್ಣದ ಶೀಟು. ಅದು ಒಣ ರಬ್ಬರ್, ಟೈರಿಗೆ ಹೋಗುವಂಥದ್ದು. ಹಾಗಲ್ಲದೆ ಹಾಲಾಗಿಯೇ ಉಳಿಯಬೇಕೆಂದರೆ ಅಮೋನಿಯ ಬೆರೆಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ರಬ್ಬರಿನ ಅಂಶವನ್ನು ಶೇಕಡಾ 60ಕ್ಕೆ ಏರಿಸುತ್ತಾರೆ. ಕೈಗವಸು, ಕ್ಯಾಥೆಟರ್, ಕಾಂಡೋಮ್, ಬಲೂನು ಹುಟ್ಟುವುದು ಇದರಿಂದ. ಒಣ ರಬ್ಬರಿನಲ್ಲಿ ಕರಗಿ ಹೊರಬರಬಲ್ಲ ಪ್ರೋಟೀನು ಕಡಿಮೆ. ಹಾಲಿನಲ್ಲಿ ಅದ್ದಿ ತೆಗೆದ ಸಾಮಾನಿನಲ್ಲಿ ಹೆಚ್ಚು. ಹಾಗಾಗಿ ಟೈರಿಗಿಂತ ಬಲೂನಿಗೆ ಹೆದರಬೇಕು.

ಕೈಗವಸಿನ ಕಾರ್ಖಾನೆ ನಮ್ಮ ದಾರಿಯಲ್ಲಿಲ್ಲ. ಅದ್ದುವ ಕೆಲಸವನ್ನೇ ನೋಡಬೇಕೆನ್ನುವವರಿಗೆ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ಕೇಂದ್ರ ಸರ್ಕಾರದ ಎಚ್‌ಎಲ್‌ಎಲ್ ಲೈಫ್‌ಕೇರಿನ ಕಾಂಡೋಮ್ ಕಾರ್ಖಾನೆಯಿದೆ. ಕೈಗವಸು ಮಾಡುವ ಕ್ರಮವೂ ಮೂಲದಲ್ಲಿ ಅದೇ. ಸರಪಳಿಗೆ ತೂಗುಹಾಕಿದ ಪಿಂಗಾಣಿ ಕೈಗಳು ಮೊದಲು ಕ್ಯಾಲ್ಸಿಯಂ ಉಪ್ಪಿನ ನೀರಿನಲ್ಲಿ, ಆಮೇಲೆ ಗಂಧಕ, ಸತುವಿನ ಆಕ್ಸೈಡು, ಬೇಗ ಗಟ್ಟಿಯಾಗಿಸುವ ಇನ್ನಷ್ಟು ರಾಸಾಯನಿಕಗಳನ್ನು ಬೆರೆಸಿದ ರಬ್ಬರ್ ಹಾಲಿನಲ್ಲಿ ಮುಳುಗಿ ಏಳುತ್ತವೆ. ಬಿಸಿನೀರಿನ ತೊಟ್ಟಿಗಳಲ್ಲಿ ತೊಳೆಸಿಕೊಂಡು ಒಲೆಯೊಳಗೆ ಬೇಯುತ್ತವೆ. ಪ್ರೋಟೀನು ಬಿಟ್ಟುಹೋಗುವುದು ಆ ಬಿಸಿನೀರಿನಲ್ಲಿ. ತೊಳೆಯುವ ಹೊತ್ತನ್ನು ಮೊಟಕು ಮಾಡಿದರೆ ಕೈಗವಸು ಬೇಗ ತಯಾರು, ಪ್ರೋಟೀನು ಒಳಗೇ ಬಾಕಿ. ಕೊನೆಗೆ ಒಂದಕ್ಕೊಂದು ಅಂಟದಿರಲಿ, ಕೈಗೆ ಸಲೀಸಾಗಿ ಏರಲಿ ಎಂದು ಜೋಳದ ಪಿಷ್ಟದ ಪುಡಿ ಉದುರಿಸುತ್ತಾರೆ. ಕ್ಲೋರಿನ್ನಿನಿಂದ ನಯಗೊಳಿಸಿದ್ದಾದರೆ ಪುಡಿ ಬೇಕಿಲ್ಲ.

ಸುಳ್ಯದಿಂದ ಪುತ್ತೂರು, ಮಾಣಿ ದಾಟಿ ಮಂಗಳೂರಿಗೆ ಬಂದು ಅಲ್ಲಿನ ಒಂದು ದೊಡ್ಡ ಆಸ್ಪತ್ರೆಯೊಳಗೆ ಕಾಲಿಟ್ಟರೆ ಈ ಪುಡಿಯ ಭೇಟಿ ಇಂಜೆಕ್ಷನ್ ರೂಮಿನಲ್ಲೇ ಆಗುತ್ತದೆ. ಡಬ್ಬಿಯಿಂದ ಗ್ಲೌಸ್ ಎಳೆದ ಸಿಸ್ಟರು ಅದರೊಳಗೆ ಗಾಳಿ ಊದಿಸಿ ಪಟ್ಟನೆ ಕೈಗೇರಿಸಿದರು. ಕಿಟಕಿಯ ಬೆಳಕಿನಲ್ಲಿ ಬಿಳಿ ದೂಳು ಎದ್ದು ನಿಧಾನಕ್ಕೆ ಇಳಿಯಿತು. ಮೇಜಿನ ಕರಿಯ ರೆಕ್ಸಿನ್ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಪಿಷ್ಟ ತಾನಾಗಿ ಸಾಧು. ಆದರೆ ಕೈಗವಸಿನ ಪ್ರೋಟೀನು ಅದಕ್ಕೆ ಅಂಟಿಕೊಂಡು ಗಾಳಿಯಲ್ಲಿ ತೇಲುತ್ತದೆ. ಗ್ಲೌಸ್ ಮುಟ್ಟದವರ ಮೂಗಿಗೂ ಹೋಗುತ್ತದೆ.

ಅದೇ ಕೋಣೆಯ ಇನ್ನೊಬ್ಬ ಸಿಸ್ಟರು ಆ ಡಬ್ಬಿಗೆ ಕೈಹಾಕುವುದಿಲ್ಲ. ಲಾಕರಿನಲ್ಲಿ ನೈಟ್ರೈಲ್ ಎಂಬ ಕೃತಕ ರಬ್ಬರಿನ ಸ್ವಂತ ನೀಲಿ ಗ್ಲೌಸ್ ಇಟ್ಟುಕೊಂಡಿದ್ದಾರೆ.

"ಮೊದಲು ಬೆರಳ ಸಂದಿಯಲ್ಲಿ ತುರಿಕೆ. ಸೋಪು ಇರಬೇಕು ಅಂತ ಸೋಪು ಬದಲಾಯಿಸಿದೆ. ಆಮೇಲೆ ಮಣಿಕಟ್ಟಿನವರೆಗೆ ಪಿತ್ತದ ಗಂಧೆ ಏಳ್ಲಿಕ್ಕೆ ಶುರುವಾಯ್ತು. ಕೊನೆಗೆ ಬೇರೆಯವರು ಗ್ಲೌಸ್ ಎಳೆದ್ರೂ ನನಗೆ ಸೀನು. ಮನೆಗೆ ಹೋದ್ರೆ ಎಂತದೂ ಇಲ್ಲ ಮಾರಾಯ್ರೆ, ರಜೆಯಲ್ಲಂತೂ ಕೈ ಚಂದ!"

ಅವರ ಮಾತಿನಲ್ಲಿ ಬೇರೆಬೇರೆ ತೊಂದರೆಗಳಿವೆ, ಆಸ್ಪತ್ರೆಗಳಲ್ಲಿ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆದುಬಿಡುತ್ತಾರೆ. ಬೆವರು, ಪುಡಿ, ಪದೇಪದೇ ಕೈತೊಳೆತದಿಂದ ಚರ್ಮ ಒಣಗಿ ಬಿರಿಯುವುದು ಅಲರ್ಜಿಯೇ ಅಲ್ಲ. ಗಟ್ಟಿಗೊಳಿಸಲು ಬಳಸುವ ಥೈಯುರಾಮ್‌ನಂಥ ರಾಸಾಯನಿಕಗಳಿಗೆ ಒಂದೆರಡು ದಿನ ತಡವಾಗಿ ಏಳುವ ಇಸುಬು ಅಲರ್ಜಿ ಹೌದು, ಪ್ರಾಣಾಪಾಯವಲ್ಲ. ಅಂಥ ರಾಸಾಯನಿಕ ನೈಟ್ರೈಲ್ ಕೈಗವಸಿನಲ್ಲೂ ಇರಬಹುದು. ನಿಮಿಷಗಳಲ್ಲಿ ಗಂಧೆ, ಸೀನು, ಉಬ್ಬಸ ಎಬ್ಬಿಸುವುದು ಪ್ರೋಟೀನಿನ ಅಲರ್ಜಿ. ಜೀವಕ್ಕೆ ಎರವಾಗುವುದು ಇದೇ. ಸೀನಿನವರೆಗೆ ಬಂದವರಿಗೆ ಚರ್ಮಕ್ಕೆ ಮುಲಾಮು ಕೊಟ್ಟು ಕಳಿಸುವುದು ತಪ್ಪು. ರಕ್ತದಲ್ಲಿ ಐಜಿಇ ಎಂಬ ಅಲರ್ಜಿ ಪ್ರತಿಕಾಯದ ಪರೀಕ್ಷೆ ಮಾಡಿಸಬೇಕು, ಅಲರ್ಜಿ ತಜ್ಞರಿಗೆ ತೋರಿಸಬೇಕು.

ರಬ್ಬರ್ ಕೈಗವಸು ಆಪರೇಷನ್ ಕೋಣೆಗೆ ಬಂದದ್ದು ಒಬ್ಬ ನರ್ಸಿನ ಕೈ ಉಳಿಸಲಿಕ್ಕೆ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889–90ರ ಚಳಿಗಾಲದಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸಿನ ಕೈ, ಆಗ ಕ್ರಿಮಿನಾಶಕವಾಗಿ ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಹುಣ್ಣಾಯಿತು. ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಅವಳಿಗೆ ತೆಳ್ಳನೆಯ ಕೈಗವಸು ಮಾಡಿಸಿದ. ಆಮೇಲೆ ಅವಳನ್ನು ಮದುವೆಯೂ ಆದ. ಕೈ ಕಾಯಲು ಬಂದದ್ದೇ ನೂರು ವರ್ಷದ ನಂತರ ನರ್ಸುಗಳ ಕೈ ತಿನ್ನತೊಡಗಿತು. 1979ರಲ್ಲಿ ಬ್ರಿಟನ್ನಿನ ಚರ್ಮರೋಗ ಪತ್ರಿಕೆಯೊಂದರಲ್ಲಿ ಮನೆಗೆಲಸದ ಕೈಗವಸಿನಿಂದ ಗಂಧೆ ಎದ್ದ ಗೃಹಿಣಿಯ ವರದಿ ಬಂದಾಗ ಅದೊಂದು ವಿಚಿತ್ರ. ಏಡ್ಸ್ ಭೀತಿಯಲ್ಲಿ 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಯಾವ ರೋಗಿಯ ರಕ್ತವನ್ನೂ ಬರಿಗೈಯಲ್ಲಿ ಮುಟ್ಟಬೇಡಿ ಎಂದಿತು. ಕೈಗವಸಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಆ ಅವಸರದಲ್ಲಿ ತಯಾರಕರು ತೊಳೆಯುವ ಹೊತ್ತನ್ನು ಕಡಿತ ಮಾಡಿದರು ಎಂಬುದು ತಜ್ಞರು ಕೊಡುವ ಒಂದು ವಿವರಣೆ. 1997ರ ಹೊತ್ತಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್, ಗ್ಲೌಸ್ ನಿತ್ಯ ಬಳಸುವ ಆಸ್ಪತ್ರೆ ಸಿಬ್ಬಂದಿಯಲ್ಲಿ ಶೇಕಡಾ 8ರಿಂದ 12 ಮಂದಿಯ ಮೈ ರಬ್ಬರ್ ಹಾಲಿನ, ಅಂದರೆ ಲೇಟೆಕ್ಸಿನ, ವಿರುದ್ಧ ತಿರುಗಿದೆ ಎಂದು ಎಚ್ಚರಿಸಿತು.

ವಾರ್ಡಿಗೆ ಹೋಗೋಣ. ಇಲ್ಲಿ ರಬ್ಬರನ್ನು ಹುಡುಕಬೇಕಿಲ್ಲ, ಎಣಿಸಬೇಕು. ರಕ್ತ ತೆಗೆಯುವಾಗ ತೋಳಿಗೆ ಬಿಗಿಯುವ ಟ್ಯೂಬು. ಅದು ಸಿಗದಿದ್ದರೆ ಗ್ಲೌಸನ್ನೇ ಗಂಟು ಹಾಕುವುದು ನಮ್ಮಲ್ಲಿ ವಾಡಿಕೆ. ಡ್ರಿಪ್ ನಳಿಕೆಯ ತುದಿಯಲ್ಲಿ, ಮೇಲಿಂದ ಮದ್ದು ಚುಚ್ಚಲೆಂದು ಇಟ್ಟ ಕಂದುಬಣ್ಣದ ಪುಟ್ಟ ಬುರುಡೆ. ಮೂತ್ರಕ್ಕೆ ಹಾಕುವ ಹಳದಿ ಫೋಲಿ ಕ್ಯಾಥೆಟರ್: ಸಿಲಿಕಾನ್ ಲೇಪ ಮಾಡಿದೆ ಎಂದು ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದಿರುತ್ತದೆ, ಒಳಗಿನ ಹೂರಣ ಲೇಟೆಕ್ಸೇ. ಪೂರ್ತಿ ಸಿಲಿಕಾನಿನದ್ದು ಪಾರದರ್ಶಕವಾಗಿರುತ್ತದೆ, ಬೆಲೆಯೂ ಜಾಸ್ತಿ.

ಮಕ್ಕಳ ವಾರ್ಡಿನಲ್ಲಿ ಸ್ವಲ್ಪ ನಿಲ್ಲಬೇಕು. ಬೆನ್ನುಮೂಳೆ ಪೂರ್ತಿ ಕೂಡಿಕೊಳ್ಳದೆ ಹುಟ್ಟುವ ಸ್ಪೈನಾ ಬಿಫಿಡಾ ಮಕ್ಕಳಿಗೆ ಹುಟ್ಟಿದ ದಿನಗಳಲ್ಲೇ ಆಪರೇಷನ್ ಶುರು. ಮೂತ್ರ ತಾನಾಗಿ ಹೋಗದ್ದರಿಂದ ದಿನಕ್ಕೆ ನಾಲ್ಕಾರು ಬಾರಿ ಕ್ಯಾಥೆಟರ್. ಎಳೆಯ ಮೈಗೆ, ಅದೂ ಒಳಪೊರೆಗೆ, ಇಷ್ಟು ಸಲ ರಬ್ಬರ್ ತಾಗಿದರೆ ಅದು ಅಲರ್ಜಿಗೆ ತರಬೇತಿ ಕೊಟ್ಟಂತೆ. ಲೇಟೆಕ್ಸ್ ಅಲರ್ಜಿಯಲ್ಲಿ ಅತಿ ಹೆಚ್ಚು ಅಪಾಯದ ಗುಂಪು ಈ ಮಕ್ಕಳೇ. ಆದ್ದರಿಂದ ಇವರಿಗೆ ಮೊದಲ ದಿನದಿಂದಲೇ ಲೇಟೆಕ್ಸ್ ಸೋಕಿಸಬಾರದು ಎಂಬುದು ಎಲ್ಲೆಡೆ ಒಪ್ಪಿದ ನಿಯಮ. ನಾನು ಹೋದ ದಿನ ಯಾರದೋ ಹುಟ್ಟುಹಬ್ಬಕ್ಕೆಂದು ವಾರ್ಡಿನ ಬಾಗಿಲಿಗೆ ಬಲೂನು ಕಟ್ಟಿದ್ದರು. ಮಗುವಿಗೆ ಖುಷಿಯಾಗಲಿ ಎಂದು ಕಟ್ಟಿದ್ದು, ಬೈಯುವಂತಿಲ್ಲ. ಆದರೆ ರಬ್ಬರ್ ಬಲೂನನ್ನು ಮಕ್ಕಳ ವಾರ್ಡಿನೊಳಗೆ ಬಿಡಬಾರದು. ಹೊಳೆಯುವ ಫಾಯಿಲ್ ಬಲೂನು ಬೇಕಾದಷ್ಟು ಸಿಗುತ್ತವೆ.

ಸ್ಕ್ಯಾನಿಂಗ್ ಕೋಣೆಯಲ್ಲಿ ಗೊತ್ತಾದದ್ದನ್ನು ಹೆಂಗಸರು ಖಂಡಿತ ತಿಳಿದಿರಬೇಕು. ಒಳಗಿನಿಂದ ಮಾಡುವ ಸ್ಕ್ಯಾನಿಗೆ ಯಂತ್ರದ ಕೋಲಿನ ಮೇಲೆ ಹೊದಿಸುವುದು ಸಾಮಾನ್ಯವಾಗಿ ಕಾಂಡೋಮ್. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದರೆ ಕ್ಯಾಥೆಟರಿಗೆ ಕಾಂಡೋಮ್ ಕಟ್ಟಿ, ಗರ್ಭಕೋಶದೊಳಗಿಟ್ಟು ಸಲೈನ್ ತುಂಬಿ ಒತ್ತಿಹಿಡಿಯುವ ಉಪಾಯವನ್ನು ಬಾಂಗ್ಲಾದೇಶದ ವೈದ್ಯೆ ಸಯೇಬಾ ಅಖ್ತರ್ ಬಳಕೆಗೆ ತಂದರು. ಎಷ್ಟೋ ಬಾಣಂತಿಯರ ಜೀವ ಉಳಿಸಿದ, ಬಡ ದೇಶಗಳಿಗೆ ವರದಂಥ ಉಪಾಯ. ಲೇಟೆಕ್ಸ್ ಅಲರ್ಜಿ ಇರುವವರಿಗೆ ಮಾತ್ರ ಬೇರೆ ಸಾಧನ ಬೇಕು, ಮತ್ತು ಆ ಗಡಿಬಿಡಿಯಲ್ಲಿ ಕೇಳುವುದಕ್ಕೆ ಯಾರಿಗೂ ಪುರಸೊತ್ತಿರುವುದಿಲ್ಲ. ಮೊದಲೇ ಕೇಸ್ ಶೀಟಿನಲ್ಲಿ ಬರೆದಿರಬೇಕು. ದೇಹದ ಒಳಪೊರೆಗೆ ತಾಗುವ ಲೇಟೆಕ್ಸ್ ಎಷ್ಟು ಅಪಾಯಕಾರಿ ಎಂಬುದು ಜಗತ್ತಿಗೆ ಗೊತ್ತಾದದ್ದೂ ಸಾವುಗಳಿಂದಲೇ. ಕರುಳಿನ ಬೇರಿಯಂ ಎಕ್ಸ್‌ರೇಗೆ ಬಳಸುತ್ತಿದ್ದ ಲೇಟೆಕ್ಸ್ ಬಲೂನಿನ ನಳಿಕೆಯಿಂದ ರೋಗಿಗಳು ಸತ್ತ ಮೇಲೆ, 1991ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ದೇಶದ ವೈದ್ಯರಿಗೆಲ್ಲ ಎಚ್ಚರಿಕೆ ಕಳಿಸಿತು.

ಆಪರೇಷನ್ ಥಿಯೇಟರ್. ಹಸಿರು ಅಂಗಿ, ಟೋಪಿ, ಚಪ್ಪಲಿ ಬದಲಾವಣೆ. ನಡೆಯುತ್ತಿದ್ದ ಆಪರೇಷನ್ ಮುಗಿದ ಬಿಡುವಿನಲ್ಲಿ ಅರಿವಳಿಕೆ ತಜ್ಞರು ಮಾತಿಗೆ ಸಿಕ್ಕರು. ಅವರ ಪಕ್ಕದಲ್ಲೇ ಕರಿಯ ಉಸಿರುಚೀಲ ಜೋತಾಡುತ್ತಿತ್ತು. "ಇದು ಹಿಂದೆ ರಬ್ಬರಿನದ್ದೇ. ಈಗ ಸಿಂಥೆಟಿಕ್ ಬಂದಿದೆ. ಆದ್ರೆ ನನಗೆ ಚಿಂತೆ ಇದರದ್ದಲ್ಲ, ಸರ್ಜನ್ ಕೈಯದ್ದು" ಎಂದರು.

ಅವರು ವಿವರಿಸಿದ್ದು ಹೀಗೆ. ಸ್ನಾಯು ಸಡಿಲಿಸುವ ಮದ್ದಿಗೋ ಆಂಟಿಬಯಾಟಿಕ್ಕಿಗೋ ಅಲರ್ಜಿಯಾದರೆ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಲೇಟೆಕ್ಸಿನದ್ದು ಹಾಗಲ್ಲ. ಎಲ್ಲ ಸುಸೂತ್ರವಾಗಿ ಶುರುವಾಗಿರುತ್ತದೆ. ಹೊಟ್ಟೆ ತೆರೆದು, ಸರ್ಜನ್ನರ ಗ್ಲೌಸು ಕರುಳಿನ ಪೊರೆಗೆ ತಾಗಿ, ಪ್ರೋಟೀನು ನಿಧಾನವಾಗಿ ರಕ್ತಕ್ಕೆ ಇಳಿದು, ಹೆಚ್ಚಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯ ನಡುವೆ ಬಿಪಿ ಕುಸಿಯುತ್ತದೆ. ರೋಗಿಗೆ ಎಚ್ಚರವಿಲ್ಲ, ತುರಿಸುತ್ತದೆ ಎಂದು ಹೇಳುವಂತಿಲ್ಲ. ಮೈತುಂಬ ಹಸಿರು ಬಟ್ಟೆ ಹೊದಿಸಿರುವುದರಿಂದ ದದ್ದು ಎದ್ದದ್ದೂ ಕಾಣುವುದಿಲ್ಲ. ರಕ್ತಸ್ರಾವವೇ, ಹೃದಯವೇ ಎಂದು ತಲೆ ಕೆರೆದುಕೊಳ್ಳುತ್ತಿರುವಾಗಲೂ ಸರ್ಜನ್ನರ ಕೈ ಹೊಟ್ಟೆಯೊಳಗೇ ಇರುತ್ತದೆ. ಕಾರಣ ಹೊಳೆದವರು ಮೊದಲು ಮಾಡಬೇಕಾದ್ದು ಗ್ಲೌಸ್ ಬದಲಾಯಿಸಿ ಎನ್ನುವುದು, ಕೂಡಲೇ ಅಡ್ರಿನಲಿನ್ ಕೊಡುವುದು.

ವಾರ್ಡಿನಲ್ಲಾದರೂ ಕ್ಲಿನಿಕ್ಕಿನಲ್ಲಾದರೂ ದೊಡ್ಡವರಿಗೆ ಅಡ್ರಿನಲಿನ್ ಅರ್ಧ ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಏವಿಲ್, ಹೈಡ್ರೋಕಾರ್ಟಿಸೋನ್ ಆಮೇಲೆ. ನಮ್ಮ ಊರುಗಳಲ್ಲಿ ಈ ಕ್ರಮ ತಿರುಗುಮುರುಗಾಗುವುದು ಹೊಸದಲ್ಲ. ಮೊದಲೇ ಗೊತ್ತಿರುವ ರೋಗಿಯಾದರೆ ಬೆಳಗಿನ ಮೊದಲ ಆಪರೇಷನ್ ಅವರದ್ದಾಗಿರಬೇಕು. ರಾತ್ರಿಯಿಡೀ ದೂಳು ಇಳಿದು ಕೋಣೆಯ ಗಾಳಿ ತಿಳಿಯಾಗಿರುತ್ತದೆ. ನಿಯೋಪ್ರೀನ್ ಅಥವಾ ಪಾಲಿಐಸೊಪ್ರೀನ್ ಎಂಬ ಕೃತಕ ರಬ್ಬರಿನ ಗ್ಲೌಸ್, ಸಿಲಿಕಾನ್ ಕ್ಯಾಥೆಟರ್, ಬಾಗಿಲಿಗೊಂದು ಚೀಟಿ. ಇಷ್ಟೇ. ಮೊದಲೇ ಗುಳಿಗೆ ಕೊಟ್ಟುಬಿಟ್ಟರೆ ಅಲರ್ಜಿ ಬಾರದು ಎಂಬ ಭರವಸೆಗೆ ಆಧಾರವಿಲ್ಲ, ತಾಗಿಸದಿರುವುದೇ ಮದ್ದು.

ಕೆಳಗೆ ಔಷಧದಂಗಡಿ. ಇಂಜೆಕ್ಷನ್ ಬಾಟಲಿಯ ಮುಚ್ಚಳದ ಕೆಳಗಿನ ಬೂದು ಬಿರಡೆಯ ಬಗ್ಗೆ ಜನರಿಗೆ ಭಯ ಹೆಚ್ಚು. ಈಗಿನ ಬಿರಡೆಗಳು ಬಹುಮಟ್ಟಿಗೆ ಬ್ಯೂಟೈಲ್ ಎಂಬ ಕೃತಕ ರಬ್ಬರಿನವು, ಮರದ್ದಲ್ಲ. ನೋಡಬೇಕಾದ್ದು ಮದ್ದು ತುಂಬಿಸಿಯೇ ಬರುವ ಸಿರಿಂಜುಗಳ ಸೂಜಿಯ ಟೊಪ್ಪಿಗೆ. ಕೆಲವದರಲ್ಲಿ ಒಣ ನೈಸರ್ಗಿಕ ರಬ್ಬರ್ ಇರುತ್ತದೆ. ಅಂಗಡಿಯವರು ಒಂದು ಪೆಟ್ಟಿಗೆ ಬಿಚ್ಚಿ ಒಳಗಿನ ಚೀಟಿ ತೆಗೆದರು. ಹಾಸಿದರೆ ಮೇಜಿನಗಲ, ಅಕ್ಷರ ಸಾಸಿವೆಗಿಂತ ಚಿಕ್ಕವು. ಅಡ್ಡಪರಿಣಾಮಗಳ ಪಟ್ಟಿಯನ್ನೆಲ್ಲ ಜಾಲಾಡಿದರೂ ರಬ್ಬರಿನ ಮಾತಿಲ್ಲ. ಕೊನೆಯಲ್ಲಿ, ಪ್ಯಾಕಿಂಗ್ ಬಗ್ಗೆ ಹೇಳುವಲ್ಲಿ ಒಂದು ಸಾಲು. "ಈ ಚೀಟಿ ಕೇಳಿದವರು ನೀವೇ ಮೊದಲು" ಎಂದರು. ಲಸಿಕೆಗೂ ಇದೇ ಮಾತು. ಗ್ಲೌಸಿನಿಂದ ಬರೀ ತುರಿಕೆ ಬರುವವರು ಅದಕ್ಕಾಗಿ ಲಸಿಕೆ ಬಿಡಬೇಕಿಲ್ಲ. ಲೇಟೆಕ್ಸಿನಿಂದ ಹಿಂದೆ ಉಸಿರು ಕಟ್ಟಿದವರು ಮಾತ್ರ, ಆ ಸಿರಿಂಜಿನಲ್ಲೋ ಬಾಟಲಿಯಲ್ಲೋ ನೈಸರ್ಗಿಕ ರಬ್ಬರ್ ಇದೆಯೇ ಎಂದು ವೈದ್ಯರಿಂದ ಖಚಿತ ಮಾಡಿಕೊಳ್ಳಬೇಕು.

ಕೊನೆಗೆ ಸ್ಟೋರು. ಛಾವಣಿ ಮುಟ್ಟುವ ಕಪಾಟುಗಳಲ್ಲಿ ಗ್ಲೌಸಿನ ಪೆಟ್ಟಿಗೆಗಳು: ಆರೂವರೆ, ಏಳು, ಏಳೂವರೆ. ಮೂರು ಕಪಾಟು ಪುಡಿ ಹಾಕಿದ್ದು, ಒಂದರ ಅರ್ಧದಷ್ಟು ಪುಡಿಯಿಲ್ಲದ್ದು. ನೈಟ್ರೈಲಿನ ಪೆಟ್ಟಿಗೆಗಳನ್ನು ಒಂದು ಮೂಲೆಯಲ್ಲಿ ಬೀಗ ಹಾಕಿದ ಬೀರುವಿನಲ್ಲಿ ಇಟ್ಟಿದ್ದಾರೆ. "ಟೆಂಡರಿನಲ್ಲಿ ಕಡಿಮೆ ರೇಟು ಬರುದು ಪುಡಿಯದ್ದೇ" ಎಂದರು ಸ್ಟೋರ್ ಕೀಪರ್, ಮುಚ್ಚುಮರೆ ಇಲ್ಲದೆ.

ಜರ್ಮನಿ 1998ರಲ್ಲೇ ಕೆಲಸದ ಜಾಗಗಳಲ್ಲಿ ಪುಡಿ ಹಾಕಿದ ಲೇಟೆಕ್ಸ್ ಗ್ಲೌಸನ್ನು ಬಿಡಿಸಿತು, ಪ್ರೋಟೀನು ಕಡಿಮೆಯಿರುವುದನ್ನೇ ಬಳಸಿ ಎಂದಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅಲ್ಲಿ ಆಸ್ಪತ್ರೆ ಸಿಬ್ಬಂದಿಯ ಹೊಸ ಪ್ರಕರಣಗಳು ಕುಸಿದುಬಿದ್ದವು. ಲೇಟೆಕ್ಸನ್ನು ಪೂರ್ತಿ ಬಿಡಬೇಕಾಗಿಯೂ ಬರಲಿಲ್ಲ. ಅಮೆರಿಕ 1998ರಿಂದ ವೈದ್ಯಕೀಯ ಸಾಮಾನುಗಳ ಮೇಲೆ ನೈಸರ್ಗಿಕ ರಬ್ಬರ್ ಇದೆ ಎಂದು ಮುದ್ರಿಸುವುದನ್ನು ಕಡ್ಡಾಯ ಮಾಡಿತು. ಪುಡಿಯ ಗ್ಲೌಸನ್ನು ನಿಷೇಧಿಸಲು ಮಾತ್ರ 2017ರ ಜನವರಿಯವರೆಗೆ ಕಾಯಿತು. ಎಫ್‌ಡಿಎ ತನ್ನ ಚರಿತ್ರೆಯಲ್ಲಿ ಪೂರ್ತಿ ನಿಷೇಧಿಸಿದ ಎರಡನೆಯ ವೈದ್ಯಕೀಯ ಸಾಧನ ಅದು. ಮೊದಲನೆಯದು 1983ರಲ್ಲಿ, ತಲೆಗೆ ನೆಡುತ್ತಿದ್ದ ಕೃತಕ ಕೂದಲು. ಬೇರೆ ಗಿಡದ ರಬ್ಬರೂ ಬಂದಿದೆ. ಮೆಕ್ಸಿಕೋ ಕಡೆಯ ಮರುಭೂಮಿಯ ಗ್ವಾಯೂಲೆ ಎಂಬ ಪೊದೆಯಿಂದ ಮಾಡಿದ ಕೈಗವಸಿಗೆ ಎಫ್‌ಡಿಎ 2008ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ನಮ್ಮ ಹೊಲಗಳನ್ನು ಹಾಳುಮಾಡಿದ ಕಾಂಗ್ರೆಸ್ ಗಿಡದ ದಾಯಾದಿ, ಅದೇ ಪಾರ್ಥೇನಿಯಂ ಕುಲದ್ದು. ಆ ಕುಲದಿಂದಲೂ ಒಂದು ಉಪಕಾರವಾಯಿತಲ್ಲ!

ಸುಳ್ಯದ ಬೆಳೆಗಾರರಿಗೆ ಇದರಿಂದ ನಷ್ಟವಿಲ್ಲ. ತೊಳೆದ, ಪುಡಿಯಿಲ್ಲದ ಕೈಗವಸಿಗೂ ಬೇಕಾಗುವುದು ಇದೇ ಹಾಲು. ನಮ್ಮ ಆಸ್ಪತ್ರೆಗಳು ಟೆಂಡರಿನಿಂದ ಪುಡಿಯ ಗ್ಲೌಸನ್ನು ಕೈಬಿಡಬೇಕು, ದಾಖಲಾತಿ ಫಾರಮ್ಮಿನಲ್ಲಿ ಪೆನಿಸಿಲಿನ್ ಪಕ್ಕದಲ್ಲಿ ರಬ್ಬರಿಗೂ ಒಂದು ಗೆರೆ ಕೊಡಬೇಕು. ಅಲ್ಲಿಯವರೆಗೆ ಓದುಗರು ತಾವೇ ಬಾಯಿಬಿಟ್ಟು ಹೇಳಬೇಕು. ಬಲೂನು ಊದಿದಾಗ ತುಟಿ ಬಾತಿದ್ದರೆ, ಹಲ್ಲಿನ ಡಾಕ್ಟರ ಕೈಗವಸು ತಾಗಿ ಬಾಯಿಯ ಸುತ್ತ ದದ್ದು ಎದ್ದಿದ್ದರೆ, ಕಾಂಡೋಮಿನಿಂದ ತುರಿಕೆಯಾಗಿದ್ದರೆ, ಬಾಳೆಹಣ್ಣಿಗೋ ಬೆಣ್ಣೆಹಣ್ಣಿಗೋ ಗಂಟಲು ಕೆರೆಯುತ್ತಿದ್ದರೆ, ಚಿಕ್ಕಂದಿನಿಂದ ಹಲವು ಆಪರೇಷನ್ ಆಗಿದ್ದರೆ, ಅದನ್ನು ಆಪರೇಷನ್ನಿನ ಹಿಂದಿನ ದಿನ ನೋಡಲು ಬರುವ ಅರಿವಳಿಕೆ ವೈದ್ಯರಿಗೆ ಹೇಳಿ, ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿ. ನಾಚಿಕೆಪಟ್ಟುಕೊಂಡು ಸುಮ್ಮನಿರಬೇಡಿ.